ಒಂದೇ ಕಾರು, ಎರಡು ಗೇರ್‌ಬಾಕ್ಸ್: ಮ್ಯಾನ್ಯುವಲ್ ಆರಿಸುವುದರಲ್ಲಿ ಇನ್ನೂ ಅರ್ಥವಿದೆಯೇ?

ಪ್ರಶ್ನೆ: ಮೂರನೇ ಗೇರ್

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷಗಳಿಂದ ಮ್ಯಾನ್ಯುವಲ್ ಕಾರುಗಳನ್ನಷ್ಟೇ ಓಡಿಸುತ್ತ ಬಂದವನು ನಾನು. ಈಗ ಹೆಚ್ಚು ಶಕ್ತಿಯ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳಲು ಹೊರಟಿದ್ದೇನೆ. ನಾನು ನೋಡಿಟ್ಟಿರುವ ಮಾದರಿ ಆರು ಗೇರಿನ ಮ್ಯಾನ್ಯುವಲ್‌ನಲ್ಲೂ ಸಿಗುತ್ತದೆ, ಏಳು ಗೇರಿನ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್‌ನಲ್ಲೂ ಸಿಗುತ್ತದೆ; ಎಂಜಿನ್, ಟೈರ್, ಬ್ರೇಕ್ ಎಲ್ಲವೂ ಎರಡರಲ್ಲೂ ಒಂದೇ. ವರ್ಷಕ್ಕೆ ಐದಾರು ದಿನ ಟ್ರ್ಯಾಕ್, ಉಳಿದಂತೆ ರಜಾದಿನಗಳ ರಸ್ತೆ ಪ್ರಯಾಣ, ಇಷ್ಟೇ ನನ್ನ ಬಳಕೆ.

ಕಳೆದ ತಿಂಗಳು ಒಂದೇ ದಿನ, ಒಂದೇ ಟ್ರ್ಯಾಕ್‌ನಲ್ಲಿ ಎರಡನ್ನೂ ಓಡಿಸುವ ಅವಕಾಶ ಸಿಕ್ಕಿತು. ಆಟೋಮ್ಯಾಟಿಕ್‌ನಲ್ಲಿ ನನ್ನ ಅತಿ ವೇಗದ ಸುತ್ತು ಮ್ಯಾನ್ಯುವಲ್‌ನ ಸುತ್ತಿಗಿಂತ ಎರಡು ಸೆಕೆಂಡಿಗೂ ಸ್ವಲ್ಪ ಹೆಚ್ಚು ಬೇಗ ಮುಗಿದಿತ್ತು, ಅದೂ ಆ ಗೇರ್‌ಬಾಕ್ಸ್‌ನ ಅಭ್ಯಾಸವೇ ಇಲ್ಲದೆ. ಆದರೆ ಮನೆಗೆ ಮರಳುವಾಗ ಮನಸ್ಸಿನಲ್ಲಿ ಉಳಿದಿದ್ದು ಮ್ಯಾನ್ಯುವಲ್‌ನ ಒಂದು ತಿರುವು, ನಾಲ್ಕರಿಂದ ಮೂರಕ್ಕೆ ಸರಿಯಾಗಿ ಇಳಿಸಿದ ಒಂದು ಕ್ಷಣ. ಆಟೋಮ್ಯಾಟಿಕ್‌ನ ಸುತ್ತುಗಳಲ್ಲಿ ಯಾವುದನ್ನೂ ಬಿಡಿಬಿಡಿಯಾಗಿ ನೆನಪಿಸಿಕೊಳ್ಳಲು ಆಗಲಿಲ್ಲ.

ಆದ್ದರಿಂದ ತಿಳಿದವರಲ್ಲಿ ಕೇಳುತ್ತಿದ್ದೇನೆ. ಆ ಎರಡು ಸೆಕೆಂಡಿನಲ್ಲಿ ಗೇರ್‌ಬಾಕ್ಸ್‌ನ ಪಾಲೆಷ್ಟು, ನನ್ನ ಪಾಲೆಷ್ಟು? ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರುಗಳಿಗೆ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್ ಸ್ಪೋರ್ಟ್ಸ್ ಕಾರಿಗೆ ಹೊಂದುವುದಿಲ್ಲ ಎಂದು ಹಿಂದೆ ಕೇಳಿದ್ದೆ, ಆ ಮಾತು ಈಗಲೂ ನಿಜವೇ? ಕೆಳ ಗೇರಿಗೆ ಇಳಿಸುವಾಗ ಕಂಪ್ಯೂಟರ್ ತಾನೇ ಎಂಜಿನ್ ವೇಗವನ್ನು ಏರಿಸಿಕೊಡುವ ಹೊಸ ಮ್ಯಾನ್ಯುವಲ್‌ಗಳನ್ನು ಮ್ಯಾನ್ಯುವಲ್ ಎಂದೇ ಕರೆಯಬಹುದೇ? "ನಿಮಗೆ ಇಷ್ಟವಾದದ್ದನ್ನು ಕೊಳ್ಳಿ" ಎನ್ನುವ ಉತ್ತರ ನನಗೆ ಆಗಲೇ ಸಾಕಷ್ಟು ಸಿಕ್ಕಿದೆ. ಕಾರಣಗಳು ಬೇಕು.

ಉತ್ತರ: ಹಲ್ಲುಚಕ್ರ

ಗೇರ್‌ಬಾಕ್ಸ್‌ಗಳ ವಿನ್ಯಾಸಕ್ಕೆ ಸಂಬಂಧಿಸಿದ ಕೆಲಸದಲ್ಲಿ ಕೆಲವು ವರ್ಷ ಕಳೆದಿದ್ದೇನೆ, ಹಾಗಾಗಿ ಮೊದಲ ಎರಡು ಪ್ರಶ್ನೆಗಳನ್ನು ನಾನು ತೆಗೆದುಕೊಳ್ಳುತ್ತೇನೆ.

ಮ್ಯಾನ್ಯುವಲ್‌ನಲ್ಲಿ ಕ್ಲಚ್ ತುಳಿದ ಕ್ಷಣದಿಂದ ಅದು ಮತ್ತೆ ಪೂರ್ತಿ ಹಿಡಿಯುವವರೆಗೆ ಚಕ್ರಗಳಿಗೆ ಎಂಜಿನ್ನಿನ ತಳ್ಳು ಇರುವುದಿಲ್ಲ. ನುರಿತ ಕೈಗೂ ಇದಕ್ಕೆ ಸುಮಾರು 0.3 ಸೆಕೆಂಡ್ ಬೇಕು ಎಂದುಕೊಳ್ಳಿ. ಗಂಟೆಗೆ 150 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಿನಲ್ಲಿ ಕಾರು 12 ಮೀಟರಿಗೂ ಹೆಚ್ಚು ದೂರವನ್ನು ಬರಿದೇ ಉರುಳಿ ಕ್ರಮಿಸುತ್ತದೆ. ಆದರೆ ಆ 0.3 ಸೆಕೆಂಡ್ ಇಡಿಯಾಗಿ ಸುತ್ತಿನ ಸಮಯಕ್ಕೆ ಸೇರುವುದಿಲ್ಲ, ಇಲ್ಲೇ ಹಲವರ ಲೆಕ್ಕ ತಪ್ಪುವುದು. ಕಾರು ನಿಂತಿರುವುದಿಲ್ಲ, ವೇಗ ಹೆಚ್ಚಿಸಿಕೊಳ್ಳುವ ಅವಕಾಶವನ್ನಷ್ಟೇ ಕಳೆದುಕೊಂಡಿರುತ್ತದೆ. ಆ ಹಂತದಲ್ಲಿ ಕಾರಿನ ವೇಗ ಪ್ರತಿ ಸೆಕೆಂಡಿಗೆ 4 ಮೀಟರ್‌ನಂತೆ ಏರುತ್ತಿದ್ದರೆ, 0.3 ಸೆಕೆಂಡಿನಲ್ಲಿ ಕೈತಪ್ಪುವುದು ಸೆಕೆಂಡಿಗೆ 1.2 ಮೀಟರ್ ವೇಗ. ಮುಂದೆ ಇನ್ನೂ 300 ಮೀಟರ್ ನೇರ ಹಾದಿ ಉಳಿದಿದ್ದು, ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಸಾಗಬೇಕಾದ ಕಾರು 43.8 ಮೀಟರ್ ವೇಗದಲ್ಲಿ ಸಾಗಿದರೆ, ಆ ಹಾದಿಯ ಕೊನೆಯಲ್ಲಿ ಸುಮಾರು 0.18 ಸೆಕೆಂಡ್ ಹಿಂದೆ ಬೀಳುತ್ತದೆ. ನೇರ ಹಾದಿ ಚಿಕ್ಕದಿದ್ದಲ್ಲಿ ನಷ್ಟವೂ ಕಡಿಮೆ. ಒಂದು ಸುತ್ತಿನಲ್ಲಿ ಏಳೆಂಟು ಬಾರಿ ಮೇಲಿನ ಗೇರಿಗೆ ಹೋಗುತ್ತೀರಿ ಎಂದರೆ, ಈ ಬಾಬ್ತಿನಲ್ಲಿ ಒಟ್ಟು ಒಂದು ಸೆಕೆಂಡಿನ ಆಸುಪಾಸು ಹೋಗುತ್ತದೆ. ಇದು ಸ್ಥೂಲ ಅಂದಾಜು, ಅಳತೆಯಲ್ಲ. ಆದರೂ ನಿಮ್ಮ ಎರಡು ಸೆಕೆಂಡಿನಲ್ಲಿ ಸುಮಾರು ಅರ್ಧ ಬೇರೆಲ್ಲೋ ಅಡಗಿದೆ ಎನ್ನಲು ಇಷ್ಟು ಸಾಕು.

ಡ್ಯುಯಲ್ ಕ್ಲಚ್ ಈ ನಷ್ಟವನ್ನು ಹೇಗೆ ತಪ್ಪಿಸುತ್ತದೆ ಎಂಬುದು ನಿಮಗೆ ಗೊತ್ತಿರಬಹುದು. ಬೆಸ ಸಂಖ್ಯೆಯ ಗೇರುಗಳು ಒಂದು ಶಾಫ್ಟ್‌ನಲ್ಲಿ, ಸಮ ಸಂಖ್ಯೆಯವು ಇನ್ನೊಂದರಲ್ಲಿ, ಎರಡಕ್ಕೂ ಬೇರೆ ಬೇರೆ ಕ್ಲಚ್. ಮೂರನೆಯದರಲ್ಲಿ ಓಡುತ್ತಿರುವಾಗಲೇ ನಾಲ್ಕನೆಯದು ಅದರ ಶಾಫ್ಟ್‌ನಲ್ಲಿ ಕೂಡಿಕೊಂಡು ಕಾಯುತ್ತಿರುತ್ತದೆ. ಒಂದು ಕ್ಲಚ್ ಬಿಡುತ್ತಿದ್ದಂತೆ ಇನ್ನೊಂದು ಹಿಡಿಯುತ್ತದೆ, ತಳ್ಳು ಕಡಿಯುವುದೇ ಇಲ್ಲ. ಯೋಚನೆ ಹಳೆಯದು. ಫ್ರಾನ್ಸಿನ ಅಡಾಲ್ಫ್ ಕೆಗ್ರೆಸ್ 1939ರಷ್ಟು ಹಿಂದೆಯೇ ಇದನ್ನು ರೂಪಿಸಿದ್ದರು. ಎರಡು ಕ್ಲಚ್‌ಗಳನ್ನು ಆ ನಿಖರತೆಯಿಂದ ಆಡಿಸಬಲ್ಲ ಎಲೆಕ್ಟ್ರಾನಿಕ್ಸ್ ಆಗ ಇರಲಿಲ್ಲ. 1980ರ ದಶಕದಲ್ಲಿ ಪೋರ್ಶೆ ತನ್ನ 956 ಮತ್ತು 962 ರೇಸ್ ಕಾರುಗಳಲ್ಲಿ ಇದನ್ನು ಪ್ರಯೋಗಿಸಿತು. ಮಾರಾಟದ ಕಾರಿಗೆ ಬಂದದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಮೂಲಕ. ಪೋರ್ಶೆಯ 911ಕ್ಕೆ 2008ರಲ್ಲಿ.

ಟಾರ್ಕ್ ಕನ್ವರ್ಟರ್ ಬಗ್ಗೆ ನೀವು ಕೇಳಿದ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಎಂಜಿನ್‌ಗೂ ಗೇರುಗಳಿಗೂ ನಡುವೆ ಎಣ್ಣೆಯೇ ಕೊಂಡಿಯಾಗಿದ್ದಾಗ ಎಕ್ಸಲರೇಟರ್ ತುಳಿದದ್ದಕ್ಕೂ ಕಾರು ಮುನ್ನುಗ್ಗುವುದಕ್ಕೂ ನಡುವೆ ಒಂದು ಬಗೆಯ ಸಡಿಲು ಇರುತ್ತಿತ್ತು. ಇಂದಿನ ಎಂಟು ಗೇರಿನ ಘಟಕಗಳಲ್ಲಿ ಕಾರು ಹೊರಟ ಸ್ವಲ್ಪ ಹೊತ್ತಿಗೇ ಲಾಕ್ ಅಪ್ ಕ್ಲಚ್ ಹಿಡಿದು ಕನ್ವರ್ಟರ್ ಅನ್ನು ಗಟ್ಟಿಯಾಗಿ ಬೆಸೆದುಬಿಡುತ್ತದೆ. ಬಿಎಂಡಬ್ಲ್ಯು 2017ರ ಎಂ5ನಲ್ಲಿ ಡ್ಯುಯಲ್ ಕ್ಲಚ್ ಬಿಟ್ಟು ಟಾರ್ಕ್ ಕನ್ವರ್ಟರ್‌ಗೆ ಮರಳಿತು, ಮುಂದಿನ ಪೀಳಿಗೆಯ ಎಂ3ಯಲ್ಲೂ ಅದನ್ನೇ ಅನುಸರಿಸಿತು. ಅದೇ ಎಂ3ಯ ಇನ್ನೊಂದು ವಿವರ ನಿಮ್ಮ ಪ್ರಶ್ನೆಗೆ ಹತ್ತಿರದ್ದು: ಮೊದಲು ಬಂದಾಗ ಆರು ಗೇರಿನ ಮ್ಯಾನ್ಯುವಲ್‌ನೊಂದಿಗೆ ಕೊಟ್ಟ ಎಂಜಿನ್‌ನ ಟಾರ್ಕ್ (ತಿರುಗಿಸುವ ಬಲ) 550 ನ್ಯೂಟನ್ ಮೀಟರ್, ಆಟೋಮ್ಯಾಟಿಕ್ ಇರುವ ಕಾಂಪಿಟಿಷನ್ ಮಾದರಿಯಲ್ಲಿ 650. ಮ್ಯಾನ್ಯುವಲ್ ಆರಿಸಿದವರು ಗೇರ್‌ಬಾಕ್ಸ್ ಜೊತೆಗೆ ಸ್ವಲ್ಪ ಸೌಮ್ಯವಾದ ಎಂಜಿನ್ನನ್ನೂ ಆರಿಸಿದಂತಾಯಿತು.

ಎಂಜಿನ್ ಒಂದೇ ಆಗಿರುವ ಹೋಲಿಕೆ ಬೇಕಿದ್ದರೆ 2021ರ ಪೋರ್ಶೆ 911 ಜಿಟಿ3 ನೋಡಿ. ಸೊನ್ನೆಯಿಂದ ಗಂಟೆಗೆ 100 ಕಿ.ಮೀ. ಮುಟ್ಟಲು ಡ್ಯುಯಲ್ ಕ್ಲಚ್‌ಗೆ 3.4 ಸೆಕೆಂಡ್, ಮ್ಯಾನ್ಯುವಲ್‌ಗೆ 3.9. ಮ್ಯಾನ್ಯುವಲ್ ಕಾರು 17 ಕೆ.ಜಿ. ಹಗುರ, ಗರಿಷ್ಠ ವೇಗದಲ್ಲಿ ಗಂಟೆಗೆ 2 ಕಿ.ಮೀ. ಮುಂದೆ, ಆದರೂ ಓಟದ ಆರಂಭದಲ್ಲಿ ಅರ್ಧ ಸೆಕೆಂಡ್ ಹಿಂದೆ. ಆ ಅರ್ಧ ಸೆಕೆಂಡಿನಲ್ಲಿ ದೊಡ್ಡ ಪಾಲು ನಿಂತಲ್ಲಿಂದ ಹೊರಡುವಾಗಿನದು, ಟ್ರ್ಯಾಕ್‌ನ ಸುತ್ತಿನ ನಡುವೆ ಅದಕ್ಕೆ ಅರ್ಥವಿಲ್ಲ ಎಂಬುದನ್ನೂ ಮರೆಯಬೇಡಿ.

ಉತ್ತರ: ತಿರುವಿನಾಚೆ

ಹಲ್ಲುಚಕ್ರ ಅವರು ಬೇರೆಲ್ಲೋ ಅಡಗಿದೆ ಎಂದ ಅರ್ಧ ಎಲ್ಲಿದೆ ಎಂದು ನಾನು ಊಹಿಸಬಲ್ಲೆ. ಟ್ರ್ಯಾಕ್ ದಿನಗಳಲ್ಲಿ ಹೊಸಬರ ಪಕ್ಕದ ಸೀಟಿನಲ್ಲಿ ಕುಳಿತು ಕಲಿಸುವುದು ನನ್ನ ಕೆಲಸ. ಮ್ಯಾನ್ಯುವಲ್ ಓಡಿಸುವವರು ಸಮಯ ಕಳೆದುಕೊಳ್ಳುವುದು ಬಹುಪಾಲು ಗೇರ್ ಏರಿಸುವಾಗ ಅಲ್ಲ, ಬ್ರೇಕ್ ಹಿಡಿಯುವಾಗ.

ತಿರುವಿನ ಮುಂಚೆ ಏನೇನು ನಡೆಯಬೇಕು ನೋಡಿ. ಬಲಗಾಲಿನ ಮುಂಭಾಗ ಬ್ರೇಕ್ ಮೇಲೆ ಗಟ್ಟಿಯಾಗಿ, ಒತ್ತಡ ಒಂದಿಷ್ಟೂ ಅಲುಗದಂತೆ ನಿಂತಿರಬೇಕು. ಅದೇ ಪಾದದ ಅಂಚು ಎಕ್ಸಲರೇಟರ್ ಅನ್ನು ಒಮ್ಮೆ ಚಿಮ್ಮಿ ಎಂಜಿನ್ ವೇಗವನ್ನು ಕೆಳ ಗೇರಿಗೆ ತಕ್ಕಷ್ಟು ಏರಿಸಬೇಕು. ಎಡಗಾಲು ಕ್ಲಚ್‌ನಲ್ಲಿ, ಒಂದು ಕೈ ಗೇರ್ ಲಿವರ್‌ನಲ್ಲಿ, ಸ್ಟಿಯರಿಂಗ್‌ಗೆ ಉಳಿದದ್ದು ಒಂದೇ ಕೈ. ಹೀಲ್ ಅಂಡ್ ಟೋ ಎಂದು ಎಲ್ಲರೂ ಸಲೀಸಾಗಿ ಹೇಳುವ ಈ ಕಸರತ್ತಿನಲ್ಲಿ ಮೊದಲು ಕೆಡುವುದು ಬ್ರೇಕ್ ಒತ್ತಡ. ಎಂಜಿನ್ ಚಿಮ್ಮಿಸುವ ಗಡಿಬಿಡಿಯಲ್ಲಿ ಕಾಲು ಬ್ರೇಕ್ ಮೇಲಿಂದ ತುಸು ಸಡಿಲುತ್ತದೆ, ಅದರ ಅರಿವು ಮನಸ್ಸಿಗೆ ಇರುವುದರಿಂದ ಚಾಲಕ ಮುಂದಿನ ಸುತ್ತಿನಿಂದ ಹತ್ತು ಮೀಟರ್ ಮೊದಲೇ ಬ್ರೇಕ್ ಹಿಡಿಯತೊಡಗುತ್ತಾನೆ, ತನಗೆ ಗೊತ್ತಿಲ್ಲದೆಯೇ. ಎಂಟು ಹತ್ತು ತಿರುವುಗಳಲ್ಲಿ ಹೀಗೆ ಚೂರು ಚೂರೇ ಸೋರಿದರೆ ಒಂದು ಸೆಕೆಂಡ್ ಆಗಲು ತಡವಾಗದು. ಮೂರನೇ ಗೇರ್ ಅವರೇ, ನಿಮ್ಮ ಕಾರಿನ ದತ್ತಾಂಶ ದಾಖಲಾಗಿದ್ದರೆ ಎರಡೂ ಸುತ್ತುಗಳ ಬ್ರೇಕ್ ಬಿಂದುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ.

ಇದೇ ಕಾರಣಕ್ಕೆ ನಿಮ್ಮ ಮೂರನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ. ತಾನಾಗಿ ಎಂಜಿನ್ ವೇಗ ಹೊಂದಿಸುವ ಸೌಲಭ್ಯವನ್ನು ನಿಸ್ಸಾನ್ 370ಜ಼ಡ್ 2009ರ ಮಾದರಿಯಲ್ಲಿ ತಂದಾಗ ನಾನೂ ಮೂಗು ಮುರಿದಿದ್ದೆ. ಈಗ ಕಲಿಯುವವರಿಗೆ ಅದನ್ನು ಮೊದಲ ದಿನ ಹಾಕಿಕೊಳ್ಳಲು ನಾನೇ ಹೇಳುತ್ತೇನೆ, ಬ್ರೇಕ್ ಕಲಿಯಲಿ ಎಂದು. ಕ್ಲಚ್ ತುಳಿಯುವುದು, ಯಾವ ಗೇರು ಎಂದು ನಿರ್ಧರಿಸುವುದು, ಕೈಯಿಂದ ಹಾಕುವುದು ಎಲ್ಲವೂ ಚಾಲಕನದೇ ಆಗಿರುವಾಗ ಅದು ಮ್ಯಾನ್ಯುವಲ್ ಅಲ್ಲದೆ ಮತ್ತೇನು? ಆದರೆ ಆ ಸೌಲಭ್ಯವನ್ನು ಆಫ್ ಮಾಡಲು ಪ್ರತ್ಯೇಕ ಗುಂಡಿ ಇರಬೇಕು. ಸ್ಥಿರತೆ ನಿಯಂತ್ರಣವನ್ನು (ಕಾರು ಜಾರದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಿದರಷ್ಟೇ ಅದೂ ಆಫ್ ಆಗುವ ಕಾರುಗಳಿವೆ. ಅದು ಕೆಟ್ಟ ಏರ್ಪಾಡು.

ಆಟೋಮ್ಯಾಟಿಕ್‌ನ ಪರವಾಗಿ ಒಂದು ಮಾತು ಹೇಳಲೇಬೇಕು. ಒಮ್ಮೆ ನನ್ನ ವಿದ್ಯಾರ್ಥಿಯೊಬ್ಬರು ವೇಗದ ತಿರುವೊಂದರ ಹೊರಬಾಯಲ್ಲಿ ಮೂರರಿಂದ ನಾಲ್ಕಕ್ಕೆ ಎಳೆಯಲು ಹೋಗಿ ಎರಡಕ್ಕೆ ಎಳೆದರು. ದೇಹ ಪಕ್ಕಕ್ಕೆ ವಾಲಿತ್ತು, ಕೈಯೂ ಅದರೊಂದಿಗೆ ಸರಿದಿತ್ತು. ಮೂರನೆಯದರಲ್ಲಿ 8000 ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳು) ಇದ್ದ ಎಂಜಿನ್ ಎರಡನೆಯದರಲ್ಲಿ ಎಷ್ಟು ತಿರುಗಬೇಕಾಗುತ್ತದೆ? ಎರಡು ಗೇರುಗಳ ನಡುವಣ ಅನುಪಾತ 1.4 ಇದ್ದರೆ 11,200. ಎಂಜಿನ್‌ನ ಮಿತಿಕಾರಕ ಇಂಧನವನ್ನಷ್ಟೇ ನಿಲ್ಲಿಸಬಲ್ಲದು. ಇಲ್ಲಿ ಎಂಜಿನ್ನನ್ನು ತಿರುಗಿಸುತ್ತಿರುವುದು ಇಂಧನವಲ್ಲ, ಚಕ್ರಗಳು. ಕವಾಟಗಳು ಪಿಸ್ಟನ್‌ಗೆ ತಗುಲಿದ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಡ್ಯುಯಲ್ ಕ್ಲಚ್ ಆಗಿದ್ದರೆ ಅಂಥ ಆದೇಶವನ್ನು ಕಂಪ್ಯೂಟರ್ ಸುಮ್ಮನೆ ತಿರಸ್ಕರಿಸುತ್ತಿತ್ತು.

ಉತ್ತರ: ಪ್ಯಾಡಲ್ ಪಕ್ಷ

ಎಲ್ಲರೂ ಮ್ಯಾನ್ಯುವಲ್ ಬಗ್ಗೆ ಭಕ್ತಿಯಿಂದಲೇ ಮಾತನಾಡುತ್ತಿರುವುದರಿಂದ ಎದುರು ಪಕ್ಷದಿಂದ ಯಾರಾದರೂ ಎದ್ದು ನಿಲ್ಲಬೇಕಲ್ಲ.

ಗೇರ್ ಲಿವರ್ ಅನ್ನು ಮೊದಲು ಬಿಟ್ಟವರು ಸೋಮಾರಿ ಚಾಲಕರಲ್ಲ, ಜಗತ್ತಿನ ಅತ್ಯುತ್ತಮ ಚಾಲಕರು. ಫೆರಾರಿ 640 ಫಾರ್ಮುಲಾ ಒನ್ ಕಾರಿನಲ್ಲಿ ವಿನ್ಯಾಸಕ ಜಾನ್ ಬರ್ನಾರ್ಡ್ ಲಿವರ್ ತೆಗೆದು ಸ್ಟಿಯರಿಂಗ್ ಹಿಂದೆ, ಬೆರಳಿನಿಂದ ಎಳೆದು ಗೇರ್ ಬದಲಿಸುವ ಪ್ಯಾಡಲ್‌ಗಳನ್ನು ಇಟ್ಟರು; ಲಿವರ್‌ಗೂ ಅದನ್ನಾಡಿಸುವ ಕೈಗೂ ಜಾಗ ಬೇಕಿಲ್ಲದಿದ್ದರೆ ಕಾಕ್‌ಪಿಟ್ ಇನ್ನಷ್ಟು ಕಿರಿದಾಗಬಹುದು ಎಂಬುದು ಅವರ ಆಲೋಚನೆಗಳಲ್ಲಿ ಒಂದು. 1989ರ ಬ್ರೆಜಿಲ್ ಗ್ರಾಂ ಪ್ರಿಯಲ್ಲಿ ನೈಜೆಲ್ ಮ್ಯಾನ್ಸೆಲ್ ಆ ಕಾರಿನ ಚೊಚ್ಚಲ ಓಟವನ್ನೇ ಗೆದ್ದರು. ಆ ವರ್ಷವಿಡೀ ಅದು ಮತ್ತೆ ಮತ್ತೆ ಕೆಟ್ಟು ನಿಂತಿತು, ಒಪ್ಪುತ್ತೇನೆ, ಆದರೂ ಕೆಲವೇ ವರ್ಷಗಳಲ್ಲಿ ಉಳಿದ ತಂಡಗಳೆಲ್ಲ ಅದೇ ದಾರಿ ಹಿಡಿದವು. ಎರಡೂ ಕೈ ಸ್ಟಿಯರಿಂಗ್ ಮೇಲೆ, ಎಡಗಾಲು ಬ್ರೇಕ್‌ಗೆ, ಬಲಗಾಲು ಎಕ್ಸಲರೇಟರ್‌ಗೆ ಎಂದಾದ ಮೇಲೆ ಚಾಲನೆಯ ಕಲೆ ಕುಗ್ಗಲಿಲ್ಲ, ತಿರುವಿನೊಳಗೆ ಇನ್ನೂ ಆಳಕ್ಕೆ ಹೋಯಿತು. ತಿರುವಿನ ನಡುವೆ ಎಡಗಾಲಿನಿಂದ ಕಾರಿನ ಮೂಗನ್ನು ತುಸು ಒತ್ತಿ ಹಿಡಿಯುವ ಸೂಕ್ಷ್ಮ ಮೂರು ಪೆಡಲಿನ ಕಾರಿನಲ್ಲಿ ಸುಲಭಕ್ಕೆ ದಕ್ಕುವುದಲ್ಲ.

ರಸ್ತೆ ಕಾರುಗಳಲ್ಲಿ ಪ್ಯಾಡಲ್‌ಗೆ ಕೆಟ್ಟ ಹೆಸರು ಬಂದದ್ದು ಮೊದಲ ಪೀಳಿಗೆಯಿಂದ. 1997ರ ಫೆರಾರಿ ಎಫ್355 ಎಫ್1 ಮಾದರಿಯಲ್ಲಿದ್ದದ್ದು ಮ್ಯಾನ್ಯುವಲ್ ಗೇರ್‌ಬಾಕ್ಸೇ, ಒಂದೇ ಕ್ಲಚ್, ಅದನ್ನು ಹೈಡ್ರಾಲಿಕ್ಸ್ ಆಡಿಸುತ್ತಿತ್ತು. ಇಂಥ ಒಂಟಿ ಕ್ಲಚ್ ವ್ಯವಸ್ಥೆಗಳು ವೇಗವಾಗಿ ಗೇರ್ ಹಾಕಿದಷ್ಟೂ ಬೆನ್ನಿಗೆ ಗುದ್ದುತ್ತಿದ್ದವು, ನಿಧಾನವಾಗಿ ಹೋದರೆ ತಲೆ ಆಡಿಸುತ್ತಿದ್ದವು. ಲಂಬೋರ್ಗಿನಿ 2011ರ ಅವೆಂಟಡಾರ್‌ನಲ್ಲೂ ಒಂಟಿ ಕ್ಲಚ್ಚನ್ನೇ ಉಳಿಸಿಕೊಂಡು 50 ಮಿಲಿಸೆಕೆಂಡಿನಲ್ಲಿ ಗೇರ್ ಬದಲಿಸುತ್ತಿತ್ತು. ಅದನ್ನು ಕೆಲವರು ರೋಮಾಂಚನ ಎನ್ನುತ್ತಾರೆ, ನನ್ನ ಕತ್ತು ಬೇರೆಯೇ ಹೇಳುತ್ತದೆ. 2009ರ ಫೆರಾರಿ 458 ಇಟಾಲಿಯಾ ಡ್ಯುಯಲ್ ಕ್ಲಚ್‌ನೊಂದಿಗೆ ಮಾತ್ರ ಬಂದಿತು. ಮ್ಯಾನ್ಯುವಲ್ ಏಕಿಲ್ಲ ಎಂದು ಗೊಣಗಿದವರು ಅದನ್ನು ಓಡಿಸಿದ ಮೇಲೆ ಬಹುಮಟ್ಟಿಗೆ ಸುಮ್ಮನಾದರು.

ಇನ್ನೊಂದು ಮಾತನ್ನು ಹೇಳಿಬಿಡುತ್ತೇನೆ, ಕೆಲವರಿಗೆ ಹಿಡಿಸದಿರಬಹುದು. ಪೋರ್ಶೆಯ 2016ರ 911 ಆರ್ ಮ್ಯಾನ್ಯುವಲ್ ಮಾತ್ರ, 991 ಕಾರುಗಳು. 2023ರ 911 ಎಸ್/ಟಿ ಮ್ಯಾನ್ಯುವಲ್ ಮಾತ್ರ, 1963 ಕಾರುಗಳು. ಆಸ್ಟನ್ ಮಾರ್ಟಿನ್ ವ್ಯಾಲರ್, 110 ಕಾರುಗಳು. ಮೂರನೆಯ ಪೆಡಲ್ ಈಗ ಸಂಗ್ರಹಕಾರರ ಗಾಜಿನ ಪೆಟ್ಟಿಗೆಗೆ ಹೋಗುವ ವಸ್ತುವಾಗುತ್ತಿದೆ. ಅವುಗಳಲ್ಲಿ ಎಷ್ಟು ಕಾರುಗಳ ಎರಡನೇ ಗೇರು ಒಮ್ಮೆಯಾದರೂ ಕೆಂಪು ಗೆರೆ (ಎಂಜಿನ್ ವೇಗದ ಗರಿಷ್ಠ ಮಿತಿ) ಮುಟ್ಟಿದೆಯೋ!

ಪ್ರತಿಕ್ರಿಯೆ: ಮೂರನೇ ಗೇರ್

ಎಲ್ಲರಿಗೂ ಧನ್ಯವಾದಗಳು. ಪ್ಯಾಡಲ್ ಪಕ್ಷದವರೇ, ನಿಮ್ಮ ಇತಿಹಾಸವನ್ನು ಒಪ್ಪಿದರೂ ಒಂದು ಕಗ್ಗಂಟು ಉಳಿಯುತ್ತದೆ. 2013ರ ಜಿಟಿ3ಯನ್ನು ಪೋರ್ಶೆ ಡ್ಯುಯಲ್ ಕ್ಲಚ್‌ನಲ್ಲಿ ಮಾತ್ರ ತಂದಿತ್ತು. 2017ರಲ್ಲಿ ಮ್ಯಾನ್ಯುವಲ್ಲನ್ನೂ ಮತ್ತೆ ಕೊಟ್ಟಿತು, ಅದೂ ಸೀಮಿತ ಸಂಖ್ಯೆಯಲ್ಲಲ್ಲ. ಟೊಯೊಟಾ 2019ರಲ್ಲಿ ಆಟೋಮ್ಯಾಟಿಕ್ ಒಂದರಲ್ಲೇ ತಂದ ಜಿಆರ್ ಸುಪ್ರಾಗೆ 2022ರಲ್ಲಿ ಮ್ಯಾನ್ಯುವಲ್ ಸೇರಿಸಿತು. ಗಾಜಿನ ಪೆಟ್ಟಿಗೆಗಷ್ಟೇ ಆಗಿದ್ದರೆ ಈ ಶ್ರಮ ಏಕೆ?

ಜೊತೆಗೆ ನನ್ನದೇ ಒಂದು ಗೊಂದಲ. ಈ ಹಿಂದೆ ನಾನು ಓಡಿಸಿ ನೋಡಿದ ಇನ್ನೊಂದು ಮ್ಯಾನ್ಯುವಲ್ ಕಾರು ಟ್ರ್ಯಾಕ್‌ನಲ್ಲಿ ಖುಷಿ ಕೊಟ್ಟಿತು, ಆದರೆ ರಸ್ತೆಯಲ್ಲಿ ಸಪ್ಪೆ ಎನಿಸಿತು. ಲಿವರ್ ಚೆನ್ನಾಗಿತ್ತು, ಕ್ಲಚ್ ಚೆನ್ನಾಗಿತ್ತು, ಎಂಜಿನ್ ಅಂತೂ ಅದ್ಭುತ. ಏಕೆ ಹಾಗಾಯಿತು ಎಂಬುದೇ ತಿಳಿಯಲಿಲ್ಲ.

ಉತ್ತರ: ಹಲ್ಲುಚಕ್ರ

ನಿಮ್ಮ ಗೊಂದಲದಲ್ಲೇ ಈ ಇಡೀ ಚರ್ಚೆಯ ತಿರುಳಿದೆ. ಮ್ಯಾನ್ಯುವಲ್ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಲಿವರ್ ನಿರ್ಧರಿಸುವುದಿಲ್ಲ. ಅದರ ಒಂದು ತುದಿಯಲ್ಲಿರುವ ಎಂಜಿನ್ ಮತ್ತು ಒಳಗಿರುವ ಗೇರ್ ಅನುಪಾತಗಳು ನಿರ್ಧರಿಸುತ್ತವೆ.

ಗೇರ್ ಬದಲಿಸುವುದಕ್ಕೆ ಅರ್ಥ ಬರುವುದು ಎಂಜಿನ್‌ನ ಬಲ ಅದರ ವೇಗದೊಂದಿಗೆ ಗಣನೀಯವಾಗಿ ಬದಲಾಗುವಾಗ. ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ, ಎತ್ತರಕ್ಕೆ ತಿರುಗುವ ಎಂಜಿನ್‌ನಲ್ಲಿ 4000 ಆರ್‌ಪಿಎಂನಲ್ಲಿ ಒಂದು ಸ್ವಭಾವ, 8000ದಲ್ಲಿ ಇನ್ನೊಂದು. ಸರಿಯಾದ ಗೇರಿನಲ್ಲಿದ್ದರೆ ಕಾರು ಜಿಗಿಯುತ್ತದೆ, ಒಂದು ಗೇರ್ ಮೇಲಿದ್ದರೆ ತೆವಳುತ್ತದೆ. ಆದ್ದರಿಂದ ನಿಮ್ಮ ನಿರ್ಧಾರಕ್ಕೆ ಬೆಲೆಯಿದೆ. ಈಗ ಟರ್ಬೊ ಎಂಜಿನ್ ನೋಡಿ. 2000ದಿಂದ 5500ರವರೆಗೆ ಟಾರ್ಕ್ ಹೆಚ್ಚುಕಡಿಮೆ ಸಮತಟ್ಟಾಗಿದ್ದರೆ ಮೂರೋ ನಾಲ್ಕೋ ಎನ್ನುವುದರಿಂದ ಆಗುವ ವ್ಯತ್ಯಾಸ ಅಲ್ಪ. ಅಷ್ಟೇ ಅಲ್ಲ, ಕ್ಲಚ್ ತುಳಿದು ಎಕ್ಸಲರೇಟರ್ ಬಿಟ್ಟ ಕ್ಷಣ ಟರ್ಬೊದ ಒತ್ತಡ ಇಳಿದು ಮತ್ತೆ ಏರಬೇಕಾಗುತ್ತದೆ. ಡ್ಯುಯಲ್ ಕ್ಲಚ್‌ನಲ್ಲಿ ಈ ಇಳಿಕೆ ಅತಿ ಕಡಿಮೆ. ಆದ್ದರಿಂದ ದೊಡ್ಡ ಟಾರ್ಕಿನ ಟರ್ಬೊ ಕಾರುಗಳಲ್ಲಿ ಮ್ಯಾನ್ಯುವಲ್ ನಿಜಕ್ಕೂ ಕಳೆದುಕೊಳ್ಳುವುದು ಹೆಚ್ಚು, ಕೊಡುವುದು ಕಡಿಮೆ. ಅಷ್ಟು ಟಾರ್ಕ್ ಹಿಡಿಯಲು ಕ್ಲಚ್‌ನ ಸ್ಪ್ರಿಂಗ್ ಗಟ್ಟಿಯಾಗಬೇಕು ಅಥವಾ ತಟ್ಟೆಗಳು ಹೆಚ್ಚಬೇಕು, ಅದರ ಭಾರ ಕೊನೆಗೆ ನಿಮ್ಮ ಎಡಗಾಲಿಗೆ.

ಎರಡನೆಯದು ಅನುಪಾತ. ನೀವು ಓಡಿಸಿದ ಕಾರಿನ ಎರಡನೇ ಗೇರು ಕೆಂಪು ಗೆರೆಯಲ್ಲಿ ಎಷ್ಟು ವೇಗ ಮುಟ್ಟುತ್ತಿತ್ತು ಎಂದು ವಿಚಾರಿಸಿ. ಪೋರ್ಶೆ 718 ಕೇಮನ್ ಜಿಟಿ4 ಇದಕ್ಕೆ ಪ್ರಸಿದ್ಧ ಉದಾಹರಣೆ: 4 ಲೀಟರಿನ, 8000 ಆರ್‌ಪಿಎಂಗೆ ಏರುವ, ಟರ್ಬೊ ಇಲ್ಲದ ಸೊಗಸಾದ ಎಂಜಿನ್, ಬೆಣ್ಣೆಯಂತೆ ನಯವಾಗಿ ಜಾರುವ ಲಿವರ್, ಆದರೆ ಎರಡನೇ ಗೇರು ಗಂಟೆಗೆ 130 ಕಿ.ಮೀ. ದಾಟುತ್ತದೆ. ರಸ್ತೆಯಲ್ಲಿ ನೀವು ಮೂರನೆಯದಕ್ಕೆ ಹೋಗುವ ಕಾರಣವೇ ಹುಟ್ಟುವುದಿಲ್ಲ. ಗೇರ್ ಬದಲಿಸಲೆಂದು ಕೊಂಡ ಕಾರಿನಲ್ಲಿ ಗೇರ್ ಬದಲಿಸಲು ಸಂದರ್ಭವೇ ಬಾರದಿದ್ದರೆ ಸಪ್ಪೆ ಎನಿಸದೆ ಇನ್ನೇನು? ಹೀಗೆ ಒಂದೊಂದರಲ್ಲೂ ಹೆಚ್ಚು ವೇಗ ಮುಟ್ಟುವ ಉದ್ದನೆಯ ಗೇರುಗಳಿಗೆ ಕಾರಣಗಳಿವೆ: ಹೊಗೆ ಮತ್ತು ಸದ್ದಿನ ನಿಯಮಗಳಿಗೆ ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಅನುಕೂಲ, ಮತ್ತು ಎರಡನೇ ಗೇರಿನಲ್ಲೇ 100 ದಾಟಿದರೆ ಜಾಹೀರಾತಿನ ಅಂಕಿಗೆ ಒಂದು ಗೇರ್ ಬದಲಾವಣೆ ಉಳಿಯುತ್ತದೆ.

ತಯಾರಕರಿಗೆ ಇದು ಅರ್ಥವಾಗಿಲ್ಲವೆಂದಲ್ಲ. ಟೊಯೊಟಾ ಸುಪ್ರಾಗೆ ಮ್ಯಾನ್ಯುವಲ್ ಕೂಡಿಸುವಾಗ ಎಲ್ಲ ಗೇರುಗಳಿಗೂ ಅನ್ವಯಿಸುವ ಅಂತಿಮ ಅನುಪಾತವನ್ನು 3.15ರಿಂದ 3.46ಕ್ಕೆ ಏರಿಸಿತು; ಈ ಸಂಖ್ಯೆ ಹೆಚ್ಚಿದಷ್ಟೂ ಗೇರುಗಳು ಗಿಡ್ಡವಾಗುತ್ತವೆ. ಪ್ಯಾಡಲ್ ಪಕ್ಷದವರು ಗೇಲಿ ಮಾಡಿದ 911 ಎಸ್/ಟಿಯಲ್ಲಿ ಗೇರುಗಳು ಜಿಟಿ3ಗಿಂತ ಗಿಡ್ಡ, ಕ್ಲಚ್ ಮತ್ತು ಫ್ಲೈವೀಲ್ ಸೇರಿ ತಿರುಗುವ ಭಾಗಗಳಲ್ಲಿ 10.5 ಕೆ.ಜಿ. ಕಡಿತ. ಮಾರಿದ ಸಂಖ್ಯೆ ಏನೇ ಇರಲಿ, ಎಂಜಿನಿಯರಿಂಗ್ ಪ್ರಾಮಾಣಿಕವಾಗಿದೆ. ಇದರ ತುತ್ತತುದಿ ಕಾರು ವಿನ್ಯಾಸಕ ಗೋರ್ಡನ್ ಮರ್ರೆ ಅವರ ಟಿ.50: ಒಂದು ಟನ್ನಿಗಿಂತ ಕಡಿಮೆ ತೂಕ, 12,100 ಆರ್‌ಪಿಎಂವರೆಗೆ ಹೋಗುವ ಟರ್ಬೊ ಇಲ್ಲದ ವಿ12, ಆರು ಗೇರಿನ ಮ್ಯಾನ್ಯುವಲ್. ಸುತ್ತಿನ ಸಮಯದ ಗುರಿಯನ್ನೇ ಇಟ್ಟುಕೊಳ್ಳದೆ ಚಾಲಕನಿಗಾಗಿ ರೂಪಿಸಿದ ಕಾರು ಅದು.

ಜಿಟಿ3ಗೆ ಮ್ಯಾನ್ಯುವಲ್ ಏಕೆ ಮರಳಿತು ಎಂದು ಕೇಳಿದಿರಿ. ಅದೇ ಮನೆಯ ಜಿಟಿ3 ಆರ್‌ಎಸ್‌ಗೆ ಅದು ಮರಳಲಿಲ್ಲ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಗಡಿಯಾರಕ್ಕಾಗಿ ಕಟ್ಟಿದ ಕಾರಿಗೆ ಡ್ಯುಯಲ್ ಕ್ಲಚ್ ಮಾತ್ರ, ಗಡಿಯಾರದ ಜೊತೆಗೆ ಚಾಲಕನಿಗೂ ಕಟ್ಟಿದ ಕಾರಿಗೆ ಎರಡೂ. 9000 ಆರ್‌ಪಿಎಂವರೆಗೆ ತಿರುಗುವ ಟರ್ಬೊ ಇಲ್ಲದ ಎಂಜಿನ್ ಇದ್ದುದರಿಂದಲೇ ಆ ಆಯ್ಕೆಗೆ ಅರ್ಥ ಬಂತು. ಇನ್ನು ಕೆಲವು ಕಾರುಗಳಲ್ಲಿ ಆಯ್ಕೆ ವಿನ್ಯಾಸದ ಹಲಗೆಯ ಮೇಲೇ ಮುಗಿದುಹೋಗಿರುತ್ತದೆ: ನಿಸ್ಸಾನ್ ಜಿಟಿ-ಆರ್ 2007ರಲ್ಲಿ ಬಂದಾಗಿನಿಂದ, ಎಂಜಿನ್ ನಡುವಿಗೆ ಸರಿದ 2020ರ ಮಾದರಿಯಿಂದ ಕಾರ್ವೆಟ್, ಎರಡೂ ಡ್ಯುಯಲ್ ಕ್ಲಚ್ ಸುತ್ತಲೇ ಕಟ್ಟಿದವು. ಅಂಥವುಗಳಿಗೆ ಮ್ಯಾನ್ಯುವಲ್ ಬೇಡುವುದರಲ್ಲಿ ಹುರುಳಿಲ್ಲ.

ಆದ್ದರಿಂದ ನಿಮ್ಮ ಕಾರಿನ ಎಂಜಿನ್ ಟರ್ಬೊದ್ದೋ ಅಲ್ಲವೋ, ಎರಡನೇ ಮತ್ತು ಮೂರನೇ ಗೇರಿನ ತುದಿ ವೇಗ ಎಷ್ಟು, ಇವೆರಡನ್ನು ಹೇಳಿದರೆ ನನ್ನ ಅಭಿಪ್ರಾಯ ಹೇಳುತ್ತೇನೆ.

ಉತ್ತರ: ಪ್ಯಾಡಲ್ ಪಕ್ಷ

ಅನುಪಾತದ ವಾದಕ್ಕೆ ತಲೆಬಾಗುತ್ತೇನೆ. ಎಸ್/ಟಿಯ ಕುರಿತು ಆಡಿದ ಮಾತನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಆದರೆ ಅದೇ ವಾದ ನನ್ನ ಕಡೆಗೂ ಸಲ್ಲುತ್ತದಲ್ಲ? ಎತ್ತರಕ್ಕೆ ತಿರುಗುವ ಎಂಜಿನ್‌ಗೆ ಹತ್ತಿರ ಹತ್ತಿರದ ಏಳು ಗೇರುಗಳು ಆರಕ್ಕಿಂತ ಚೆನ್ನ. ಡ್ಯುಯಲ್ ಕ್ಲಚ್ಚನ್ನು ಪ್ಯಾಡಲ್‌ಗಳಿಂದಲೇ ಓಡಿಸಿದರೆ ಯಾವ ಗೇರು ಎಂಬ ನಿರ್ಧಾರ ಅಲ್ಲೂ ಚಾಲಕನದೇ. ಮೂರನೇ ಗೇರ್ ಅವರು ಆಟೋಮ್ಯಾಟಿಕ್ ಸುತ್ತುಗಳು ನೆನಪಿಲ್ಲ ಎಂದರಲ್ಲ, ಅವರು ಆ ದಿನ ಅದನ್ನು ತಾನಾಗಿ ಬದಲಿಸಲು ಬಿಟ್ಟಿದ್ದರೇ ಎಂದು ಕೇಳಬೇಕೆನಿಸುತ್ತದೆ.

ಪ್ರತಿಕ್ರಿಯೆ: ಮೂರನೇ ಗೇರ್

ಸಿಕ್ಕಿಬಿದ್ದೆ. ಹೌದು, ತಾನಾಗಿ ಬದಲಿಸಲು ಬಿಟ್ಟಿದ್ದೆ.

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಅದೇ ಟ್ರ್ಯಾಕ್‌ಗೆ ಮತ್ತೆ ಹೋಗಿ ಎರಡೂ ಕಾರುಗಳನ್ನು ಓಡಿಸಿದೆ. ಈ ಬಾರಿ ಡ್ಯುಯಲ್ ಕ್ಲಚ್ಚನ್ನು ಪ್ಯಾಡಲ್‌ಗಳಿಂದಲೇ ಓಡಿಸಿದೆ, ಮ್ಯಾನ್ಯುವಲ್‌ನಲ್ಲಿ ಬೆಳಿಗ್ಗೆ ಎಂಜಿನ್ ವೇಗ ಹೊಂದಿಸುವ ಸೌಲಭ್ಯವನ್ನು ಹಾಕಿಕೊಂಡೆ, ಮಧ್ಯಾಹ್ನ ಆಫ್ ಮಾಡಿದೆ. ಅದಕ್ಕೆ ಪ್ರತ್ಯೇಕ ಗುಂಡಿಯೇ ಇದೆ. ತಿರುವಿನಾಚೆ ಅವರ ಊಹೆ ಅಕ್ಷರಶಃ ನಿಜವಾಯಿತು. ದತ್ತಾಂಶವನ್ನು ಒಂದರ ಮೇಲೊಂದು ಇಟ್ಟಾಗ, ಹಳೆಯ ಮ್ಯಾನ್ಯುವಲ್ ಸುತ್ತುಗಳಲ್ಲಿ ನಾನು ಬಹುತೇಕ ಎಲ್ಲ ದೊಡ್ಡ ತಿರುವುಗಳಿಗೂ ಬೇಗನೆ ಬ್ರೇಕ್ ಹಿಡಿದಿದ್ದೆ, ಹಿಡಿದ ಬ್ರೇಕ್ ರೇಖೆಯಲ್ಲಿ ಪ್ರತಿ ಗೇರ್ ಇಳಿತಕ್ಕೂ ಒಂದೊಂದು ಹಳ್ಳ. ಸೌಲಭ್ಯ ಹಾಕಿಕೊಂಡ ಸುತ್ತುಗಳಲ್ಲಿ ಆ ಹಳ್ಳಗಳಿಲ್ಲ, ಎರಡು ಸೆಕೆಂಡಿನ ಅಂತರ ಒಂದಕ್ಕೆ ಹತ್ತಿರವಾಯಿತು. ಆಫ್ ಮಾಡಿದ ಮೇಲೆ ಹಳ್ಳಗಳು ಮರಳಿದವು, ಆದರೆ ಮೊದಲಿನಷ್ಟು ಆಳವಿಲ್ಲ.

ಪ್ಯಾಡಲ್‌ಗಳಿಂದ ಓಡಿಸಿದಾಗ ಡ್ಯುಯಲ್ ಕ್ಲಚ್‌ನ ಸುತ್ತುಗಳೂ ನೆನಪಿನಲ್ಲಿ ಉಳಿದವು, ಇದನ್ನು ಒಪ್ಪಲೇಬೇಕು. ಆದರೆ ಉಳಿದದ್ದು ತಿರುವುಗಳು, ಗೇರುಗಳಲ್ಲ.

ಹಲ್ಲುಚಕ್ರ ಅವರು ಕೇಳಿದ ವಿವರ: ಟರ್ಬೊ ಇಲ್ಲ, ಎರಡನೆಯದು ಗಂಟೆಗೆ 118 ಕಿ.ಮೀ., ಮೂರನೆಯದು 165.

ಉತ್ತರ: ಹಲ್ಲುಚಕ್ರ

118 ಚಿಕ್ಕದೇನಲ್ಲ, ಆದರೆ ರಸ್ತೆಯಲ್ಲಿ ಎರಡು ಮತ್ತು ಮೂರರ ನಡುವೆ ಓಡಾಡುವಷ್ಟು ಅವಕಾಶ ಕೊಡುತ್ತದೆ. ಈ ಎಂಜಿನ್‌ಗೆ ನಾನಾಗಿದ್ದರೆ ಮ್ಯಾನ್ಯುವಲ್ ತೆಗೆದುಕೊಳ್ಳುತ್ತಿದ್ದೆ. ಟ್ರ್ಯಾಕ್‌ಗೆ ಒಯ್ಯುವ ಮುನ್ನ ಎರಡು ಕೆಲಸ ಮಾಡಿ. ಕ್ಲಚ್‌ನ ಹೈಡ್ರಾಲಿಕ್ ಎಣ್ಣೆ ಬ್ರೇಕ್‌ನದೇ ಪಾತ್ರೆಯಿಂದ ಬರುತ್ತಿದ್ದರೆ, ಬ್ರೇಕ್ ಎಣ್ಣೆ ಬದಲಿಸುವಾಗ ಕ್ಲಚ್ ಕೊಳವೆಯನ್ನೂ ಖಾಲಿ ಮಾಡಿಸಿ ತುಂಬಿಸಿ. ಅದನ್ನು ಮರೆತವರ ಕ್ಲಚ್ ಪೆಡಲ್ ಮಧ್ಯಾಹ್ನದ ಹೊತ್ತಿಗೆ ನೆಲಕ್ಕಂಟಿರುತ್ತದೆ. ಇನ್ನೊಂದು, ಬ್ರೇಕ್ ಪೂರ್ತಿ ಒತ್ತಿದಾಗ ಅದರ ಎತ್ತರ ಎಕ್ಸಲರೇಟರ್‌ಗೆ ಸಮನಾಗುತ್ತದೆಯೇ ಎಂದು ನಿಮ್ಮ ಟ್ರ್ಯಾಕ್ ಶೂ ಹಾಕಿಕೊಂಡೇ ನೋಡಿ. ಅದು ಹೊಂದದಿದ್ದರೆ ನಿಮ್ಮ ಬ್ರೇಕ್ ರೇಖೆಯ ಹಳ್ಳಗಳು ಅಭ್ಯಾಸದಿಂದ ಹೋಗುವುದಿಲ್ಲ.

ಉತ್ತರ: ತಿರುವಿನಾಚೆ

ಶೂ ಅಡಿಭಾಗ ತೆಳ್ಳಗಿರಲಿ, ಅಗಲ ಹೆಚ್ಚಿರದಿರಲಿ. ಮತ್ತು ಮೂರರಿಂದ ನಾಲ್ಕಕ್ಕೆ ಹೋಗುವಾಗ ಲಿವರ್ ಅನ್ನು ಹಿಡಿಯಬೇಡಿ; ಅಂಗೈಯನ್ನು ಬಲಕ್ಕೆ ತಿರುಗಿಸಿಟ್ಟು ನಾಲ್ಕು ಬೆರಳಿನಿಂದ ನೇರ ಹಿಂದಕ್ಕೆ ಎಳೆಯಿರಿ. ನಾಲ್ಕನೆಯದು ಎಲ್ಲಿದೆ ಎಂದು ಲಿವರ್‌ನ ಸ್ಪ್ರಿಂಗ್‌ಗೆ ನಿಮಗಿಂತ ಚೆನ್ನಾಗಿ ಗೊತ್ತು.